ಯಾವ ಕಾಗದ ಬೀರುವಿಗೆ, ಯಾವುದು ಫೋನಿಗೆ

ಮನೆಯ ಒಂದೊಂದು ಕಾಗದವನ್ನೂ ಕೈಗೆತ್ತಿಕೊಂಡಾಗ ಮೊದಲು ತೀರ್ಮಾನಿಸಬೇಕಾದದ್ದು ಇಷ್ಟು: ಬೆಲೆ ಇರುವುದು ಹಾಳೆಗೋ, ಅದರಲ್ಲಿ ಬರೆದಿರುವ ವಿಷಯಕ್ಕೋ? ಕ್ರಯಪತ್ರ, ಉಯಿಲು, ಜನನ ಪ್ರಮಾಣಪತ್ರ, ಅಂಕಪಟ್ಟಿ, ಸಹಿ ಮೊಹರು ಇರುವ ಕರಾರು, ಇವುಗಳಲ್ಲಿ ಹಾಳೆಯೇ ಸಾಕ್ಷಿ. ಇವನ್ನೂ ಸ್ಕ್ಯಾನ್ ಮಾಡಿಡಬೇಕು, ಯಾಕೆಂದರೆ ಅಸಲು ಕಳೆದುಹೋದರೆ ಹೊಸ ಪ್ರತಿಗೆ ಅರ್ಜಿ ಹಾಕಲು ನೋಂದಣಿ ಸಂಖ್ಯೆ, ತಾರೀಖು ಬೇಕಾಗುತ್ತವೆ. ಆದರೆ ಸ್ಕ್ಯಾನ್ ಇದೆಯೆಂದು ಅಸಲನ್ನು ಬಿಸಾಡುವಂತಿಲ್ಲ. ಕರೆಂಟು ಬಿಲ್ಲು, ನೀರಿನ ಬಿಲ್ಲು, ಅಂಗಡಿ ರಸೀದಿಗಳಲ್ಲಿ ಸಾಮಾನ್ಯವಾಗಿ ವಿಷಯ ಸ್ಪಷ್ಟವಾಗಿ ಓದಲು ಸಿಕ್ಕರೆ ಸಾಕು. ಅಲ್ಲಿ ಸ್ಕ್ಯಾನೇ ಮುಖ್ಯ ಪ್ರತಿ. ಆಸ್ಪತ್ರೆ ಬಿಲ್ಲುಗಳು ಮಾತ್ರ ನಡುವೆ ನಿಲ್ಲುತ್ತವೆ: ವಿಮೆಯ ಹಣ ಕೈಸೇರುವವರೆಗೆ ಅಸಲನ್ನು ಬಿಡಬೇಡಿ.

ಮೊದಲು ಸ್ಕ್ಯಾನ್ ಆಗಬೇಕಾದದ್ದು ಅಂಗಡಿಯ ನುಣುಪು ರಸೀದಿ. ಅದು ಥರ್ಮಲ್ ಕಾಗದ. ಅದರಲ್ಲಿ ಶಾಯಿಯೇ ಇಲ್ಲ. ಕಾಗದದ ಮೇಲಿನ ರಾಸಾಯನಿಕ ಲೇಪ ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ, ಅಷ್ಟೇ. ಗುರುತಿಸುವುದು ಸುಲಭ: ಉಗುರಿನಿಂದ ಜೋರಾಗಿ ಗೀರಿದರೆ ಕಪ್ಪು ಗೆರೆ ಮೂಡುತ್ತದೆ. ಬಿಸಿಲು, ಕೈಯ ಎಣ್ಣೆ, ಅಂಟುಪಟ್ಟಿ, ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರು, ಇವೆಲ್ಲ ಆ ಅಕ್ಷರಗಳನ್ನು ಅಳಿಸುತ್ತವೆ. ಪಾರದರ್ಶಕ ಟೇಪು ಹಚ್ಚಿ ಜೋಪಾನ ಮಾಡಿದೆವು ಅಂದುಕೊಂಡವರಿಗೆ ಕೆಲವು ತಿಂಗಳಲ್ಲಿ ಟೇಪಿನ ಕೆಳಗೆ ಬಿಳಿ ಕಾಗದ ಸಿಗುವುದು ಇದಕ್ಕೇ. ಬಿಸಿ ಲ್ಯಾಮಿನೇಶನ್ ಮಾಡಿಸಿದರೆ ಇಡೀ ರಸೀದಿ ಕಪ್ಪಾಗುತ್ತದೆ. ತಂದ ದಿನವೇ ಫೋಟೋ ತೆಗೆದು, ಕಾಗದದ ಲಕೋಟೆಯಲ್ಲಿ ಕತ್ತಲೆಗೆ ಹಾಕಿ. ಆಗಲೇ ಮಾಸಿದ್ದರೆ ಫೋಟೋ ತೆಗೆದು ಕಾಂಟ್ರಾಸ್ಟ್ ಹೆಚ್ಚಿಸಿ ನೋಡಿ; ಕೆಲವೊಮ್ಮೆ ಮೊತ್ತ, ತಾರೀಖು ಮತ್ತೆ ಕಾಣಿಸುತ್ತವೆ.

ಸ್ಕ್ಯಾನರಿನಲ್ಲಾದರೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು. ತೀರಾ ಸಣ್ಣ ಅಕ್ಷರವಿದ್ದರೆ 600. ಫೋನಿನಲ್ಲಾದರೆ ಕಾಗದವನ್ನು ಗಾಢ ಬಣ್ಣದ ಮೇಜಿನ ಮೇಲೆ ಹರಡಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ, ಫ್ಲ್ಯಾಶ್ ಬೇಡ. ಹಿಂಬದಿಯಲ್ಲೂ ಮೊಹರೋ ಷರತ್ತೋ ಇರಬಹುದು, ತಿರುಗಿಸಿ ನೋಡಿ. ಬರೀ ಕಪ್ಪು-ಬಿಳುಪಿನಲ್ಲಿ ತೆಗೆದರೆ ಪೆನ್ಸಿಲ್ ಬರಹ, ಮಸುಕಾದ ಮೊಹರು ಮಾಯವಾಗುತ್ತವೆ. ಸಹಿ ಮೊಹರು ಇದ್ದದ್ದನ್ನು ಬಣ್ಣದಲ್ಲೇ ತೆಗೆಯಿರಿ. ಫೈಲಿನ ಗಾತ್ರ ಕುಗ್ಗಿಸುವ ಆಸೆಯೂ ಬೇಡ. ಕೆಲವು ಆಫೀಸು ಸ್ಕ್ಯಾನರುಗಳು ಒಂದೇ ಥರ ಕಾಣುವ ಅಂಕಿಗಳನ್ನು ಒಂದೇ ಎಂದು ಭಾವಿಸಿ 6 ಇದ್ದಲ್ಲಿ 8 ಕೂರಿಸುತ್ತಿದ್ದದ್ದು 2013ರಲ್ಲಿ ಬಯಲಾಯಿತು. ಕಾರಣ ಗಾತ್ರ ಕುಗ್ಗಿಸುವ ವಿಧಾನವೇ. ಹಾಗಾಗಿ ಮೊತ್ತ, ಖಾತೆ ಸಂಖ್ಯೆಗಳನ್ನು ದೊಡ್ಡದು ಮಾಡಿ ಅಸಲಿನ ಜೊತೆ ಹೋಲಿಸಿ.

ಆಮೇಲೆ ಹೆಸರು. ಡಿಜಿಟಲ್ ಕಡತ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಕ್ಯಾಮೆರಾ ಕೊಟ್ಟ ಅಂಕಿಗಳ ಹೆಸರಲ್ಲೇ ಬಿಟ್ಟರೆ ನೂರು ಫೋಟೋಗಳ ನಡುವೆ ಫ್ರಿಜ್ಜಿನ ರಸೀದಿ ಯಾವುದೆಂದು ಗೊತ್ತಾಗುವುದಿಲ್ಲ. ವರ್ಷ ಮೊದಲು, ಆಮೇಲೆ ತಿಂಗಳು, ದಿನ: 2025-03-14_ಫ್ರಿಜ್_ರಸೀದಿ_ವಾರಂಟಿ-2027-03. ಹೀಗೆ ಬರೆದರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಫೋಲ್ಡರುಗಳು ಆರೇಳಕ್ಕಿಂತ ಹೆಚ್ಚು ಬೇಡ: ಮನೆ, ತೆರಿಗೆ, ಆರೋಗ್ಯ, ವಾಹನ, ವಸ್ತುಗಳು, ವಿಮೆ, ಗುರುತಿನ ಪತ್ರಗಳು. ಬೀರುವಿನ ಫೈಲುಗಳ ಮೇಲೂ ಇವೇ ಹೆಸರುಗಳಿರಲಿ. ಎರಡು ಕಡೆ ಎರಡು ಪದ್ಧತಿ ಇದ್ದರೆ ಒಂದಂತೂ ಕೈಬಿಟ್ಟುಹೋಗುತ್ತದೆ.

ಬೀರುವಿನಲ್ಲಿಡುವ ಅಸಲುಗಳಿಂದ ಪಿನ್ನು, ರಬ್ಬರ್ ಬ್ಯಾಂಡ್ ತೆಗೆದುಬಿಡಿ. ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ, ರಬ್ಬರು ಕರಗಿ ಅಂಟಿಕೊಳ್ಳುತ್ತದೆ. ತೂತು ಹೊಡೆಯಬೇಡಿ, ಮಡಚಬೇಡಿ. ಲ್ಯಾಮಿನೇಶನ್ನಂತೂ ಬೇಡವೇ ಬೇಡ: ಉಬ್ಬು ಮೊಹರು ಚಪ್ಪಟೆಯಾಗುತ್ತದೆ, ಒಮ್ಮೆ ಹಾಕಿದ ಪ್ಲಾಸ್ಟಿಕ್ಕನ್ನು ಕಾಗದ ಕೆಡದಂತೆ ತೆಗೆಯುವುದು ಕಷ್ಟ. ಒಂದು ದಾಖಲೆಗೆ ಒಂದು ಪಾಲಿಪ್ರೊಪಿಲೀನ್ (ಪಿವಿಸಿ ಅಲ್ಲದ ಪ್ಲಾಸ್ಟಿಕ್) ಕವರು. ಕೆಳಗಿನ ಖಾನೆ ಮತ್ತು ಹೊರಗೋಡೆಗೆ ತಾಗಿದ ಖಾನೆ ತೇವ ಎಳೆಯುತ್ತವೆ, ಅಲ್ಲಿಡಬೇಡಿ. ಅಸಲು ಯಾವುದೋ ಕಚೇರಿಗೆ ಹೋದಾಗ ಅದರ ಜಾಗದಲ್ಲಿ ಒಂದು ಚೀಟಿ ಇಡಿ: ಏನು ಹೋಯಿತು, ಯಾರ ಕೈಗೆ, ಯಾವ ತಾರೀಖು. ಹೊರಗೆ ಹೋಗಿ ವಾಪಸು ಬರದೆ ಕಳೆದುಹೋಗುವ ದಾಖಲೆಗಳನ್ನು ಈ ಚೀಟಿ ಉಳಿಸುತ್ತದೆ.

ಡಿಜಿಟಲ್ ಪ್ರತಿಗಳು ಮೂರಿರಲಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಮನೆಯ ಹೊರಗೆ. ಫೋನು ಮತ್ತು ಕ್ಲೌಡ್ ಪರಸ್ಪರ ಸಿಂಕ್ ಆಗುತ್ತಿದ್ದರೆ ಅದನ್ನು ಎರಡು ಪ್ರತಿ ಎಂದು ಲೆಕ್ಕ ಹಾಕಬೇಡಿ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ. ಪೆನ್ ಡ್ರೈವನ್ನು ವರ್ಷಗಟ್ಟಲೆ ಡ್ರಾಯರಿನಲ್ಲೇ ಬಿಟ್ಟರೆ ಅದರ ವಿದ್ಯುದಂಶ ಸೋರಿ ಮಾಹಿತಿ ಕೆಡಬಹುದು. ವರ್ಷಕ್ಕೊಮ್ಮೆ ಹಾಕಿ ಹತ್ತು ಫೈಲು ತೆರೆದು ನೋಡಿ. ಮೆಸೇಜು ಆಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ಸಣ್ಣ ಅಕ್ಷರ ಓದಲು ಬರುವುದಿಲ್ಲ. ಗುರುತಿನ ಪತ್ರಗಳ ಫೋಲ್ಡರಿಗೆ ಪಾಸ್‌ವರ್ಡ್ ಇರಲಿ. ಆ ಪಾಸ್‌ವರ್ಡನ್ನು ಬರೆದು ಮುಚ್ಚಿದ ಲಕೋಟೆ ಅಸಲುಗಳ ಜೊತೆ ಬೀರುವಿನಲ್ಲಿರಲಿ, ಮನೆಯಲ್ಲಿ ಇನ್ನೊಬ್ಬರಿಗಾದರೂ ಅದು ಎಲ್ಲಿದೆಯೆಂದು ಗೊತ್ತಿರಲಿ.

ಹಳೆಯ ರಾಶಿಯಿಂದ ಶುರು ಮಾಡಬೇಡಿ, ಅದು ಮುಗಿಯುವುದಿಲ್ಲ. ಇವತ್ತು ಬಂದ ಕಾಗದದಿಂದ ಶುರು ಮಾಡಿ. ಹಳೆಯದನ್ನು ವಾರಕ್ಕೊಂದು ಲಕೋಟೆಯಂತೆ ಕರಗಿಸಿ. ತೆರಿಗೆಯ ಕಾಗದಗಳನ್ನು ನಿಮ್ಮಲ್ಲಿನ ಕಾನೂನು ಹೇಳುವಷ್ಟು ವರ್ಷ ಇಡಬೇಕು; ಬೆಲೆಬಾಳುವ ವಸ್ತುಗಳ ರಸೀದಿಯನ್ನು ವಸ್ತು ಮನೆಯಲ್ಲಿರುವವರೆಗೂ ಇಡುವುದು ಒಳ್ಳೆಯದು, ಕಳವಾದಾಗ ವಿಮೆಗೆ ಬೇಕಾಗುತ್ತದೆ. ಬಿಸಾಡುವ ಮುಂಚೆ ಸ್ಕ್ಯಾನ್ ತೆರೆದು ಪುಟಗಳನ್ನು ಎಣಿಸಿ. ಹೆಸರು, ಖಾತೆ ಸಂಖ್ಯೆ ಇರುವ ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿ ಹಾಕಿ. ಥರ್ಮಲ್ ರಸೀದಿಗಳನ್ನು ಮಾತ್ರ ರದ್ದಿ ಕಾಗದದ ಜೊತೆ ಸೇರಿಸದೆ ಬೇರೆ ಕಸಕ್ಕೆ ಹಾಕಿ, ಆ ಲೇಪ ಮರುಬಳಕೆಯ ಕಾಗದದೊಳಗೆ ಸೇರಬಾರದು.