ತಲೆ ಲೆಕ್ಕವೋ, ಕವರು ಲೆಕ್ಕವೋ? ರಾಜ್ಯಸಭೆಯ ಗಣಿತ ಮಾಡಿ ನೋಡಿ

ಉಡುಪಿ ಕಡೆಯ ಕುಟುಂಬದ ಮನೆಗಳಲ್ಲಿ ನೇಮ, ಅಂದರೆ ದೈವದ ಉತ್ಸವ, ಹತ್ತಿರ ಬಂತೆಂದರೆ ಒಂದು ಚರ್ಚೆ ಇದ್ದದ್ದೇ. ವಂತಿಗೆ ತಲೆವಾರು ಹಾಕುವುದೋ, ಕವರುವಾರು ಹಾಕುವುದೋ? ಕವರು ಅಂದರೆ ಒಬ್ಬಳು ಹಿರಿಯಜ್ಜಿಯಿಂದ ಹೆಣ್ಣುಮಕ್ಕಳ ಮೂಲಕ ಇಳಿದು ಬಂದ ಕವಲು. ಲೋಕಸಭೆ, ರಾಜ್ಯಸಭೆಯ ಪ್ರಶ್ನೆಯೂ ಇದೇ: ರಾಜ್ಯಗಳಿಗೆ ಸೀಟು ಜನಸಂಖ್ಯೆ ನೋಡಿ ಹಂಚುವುದೋ, ಎಲ್ಲರಿಗೂ ಸಮನಾಗಿ ಹಂಚುವುದೋ? ಪೆನ್ಸಿಲ್, ಹಾಳೆ ತಗೊಳ್ಳಿ.

1. ನಾಲ್ಕು ಕವರು ಬರೆಯಿರಿ: 52, 23, 10, 5 ಜನ. ಒಟ್ಟು 90. ನೇಮದ ಸಮಿತಿಯಲ್ಲಿ 9 ಸೀಟು.

2. ಮೊದಲು ತಲೆ ಲೆಕ್ಕ. ಹತ್ತರಿಂದ ಭಾಗಿಸಿದರೆ 5.2, 2.3, 1, 0.5. ಪೂರ್ಣಾಂಕ ಕೂಡಿಸಿದರೆ 8 ಮಾತ್ರ. ಉಳಿದ ಒಂದು ಸೀಟು ದೊಡ್ಡ ಶೇಷ ಇರುವ ಕೊನೆಯ ಕವರಿಗೆ. ಹಂಚಿಕೆ 5, 2, 1, 1. ಆದರೆ ದೊಡ್ಡ ಕವರಿಗೆ ಒಂಬತ್ತರಲ್ಲಿ ಐದು! ಉಳಿದವರು ಸುಮ್ನೆ ಊಟ ಮಾಡಿ ಬರಬಹುದು.

3. ಈಗ ಕವರಿಗೆ ತಲಾ 2 ಕೊಡಿ. 38 ಜನರ ಕೈಗೆ ಎಂಟರಲ್ಲಿ ಆರು ಸೀಟು! 52 ಜನ ಸಿಟ್ಟಾಗದೆ ಇರುತ್ತಾರಾ? 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದವರು ಇದೇ ಜಗಳ ಆಡಿ, ಕೊನೆಗೆ ಎರಡೂ ಇಟ್ಟುಕೊಂಡರು. ಇವತ್ತು ಕೆಳಮನೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ 52 ಸೀಟು, ವಯೋಮಿಂಗಿಗೆ 1. ಮೇಲ್ಮನೆ ಸೆನೆಟ್‌ನಲ್ಲಿ ಇಬ್ಬರಿಗೂ ಎರಡೆರಡೇ. ನಮ್ಮ ಅಷ್ಟಮಠಗಳ ಪರ್ಯಾಯವೂ ಹಾಗೇ ಅಲ್ವಾ? ಯಾವ ಮಠವೇ ಇರಲಿ, ಸರದಿ ಎರಡು ವರ್ಷ.

4. ನಮ್ಮ ದೇಶ ಹಿಡಿದದ್ದು ನಡುದಾರಿ. ರಾಜ್ಯಸಭೆಯ ಸೀಟು ಹಂಚುವಾಗ ಮೊದಲ 50 ಲಕ್ಷ ಜನಸಂಖ್ಯೆಯವರೆಗೆ 10 ಲಕ್ಷಕ್ಕೊಂದು, ಅದರಾಚೆ 20 ಲಕ್ಷಕ್ಕೊಂದು ಅನ್ನುವ ಸೂತ್ರ ಬಳಸಿದರು. ಹಾಳೆಯಲ್ಲಿ ಇದನ್ನು ಚಿಕ್ಕದು ಮಾಡಿ: ಮೊದಲ ಹತ್ತು ಜನರಿಗೆ ಐದಕ್ಕೊಂದು, ಆಮೇಲೆ ಹತ್ತಕ್ಕೊಂದು ಸೀಟು. ಬರುವುದು 6, 3, 2, 1. ದೊಡ್ಡ ಕವರಿಗೆ ಈಗ ಹನ್ನೆರಡರಲ್ಲಿ ಆರು. ಏನೇ ಮಾಡಬೇಕಾದರೂ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಲೇಬೇಕು.

ಕೇಳಲು ಚೆನ್ನಾಗಿದೆ. ಆದರೆ ನಿಜವಾದ ಅಂಕಿ ನೋಡಿ. ಲೋಕಸಭೆಯ 543ರಲ್ಲಿ ಕರ್ನಾಟಕಕ್ಕೆ 28. ರಾಜ್ಯಸಭೆಯ ಚುನಾಯಿತ 233ರಲ್ಲಿ 12. ಎರಡೂ ಕಡೆ ಹೆಚ್ಚುಕಡಿಮೆ ಶೇ 5.2! ನಮ್ಮ ಮಟ್ಟಿಗೆ ರಾಜ್ಯಸಭೆಯೂ ತಲೆ ಲೆಕ್ಕವೇ. ಲಾಭ ಸಿಕ್ಕಿಂನಂಥ ಪುಟ್ಟ ರಾಜ್ಯಗಳಿಗೆ. ನನಗೇನೋ ಸಮಪಾಲೇ ಸರಿ ಅನಿಸುತ್ತದೆ. ನನ್ನದು ಆ ಐದು ಜನರಂಥ ಕವರು, ಸ್ವಲ್ಪ ಪಕ್ಷಪಾತ ಇದ್ದೀತು.

5. ಸೀಟಿಗಿಂತ ಜಾಸ್ತಿ ಮುಖ್ಯವಾದದ್ದು ದುಡ್ಡಿನ ಪೆಟ್ಟಿಗೆಯ ಬೀಗದ ಕೈ. ಅದು ಯಾರ ಹತ್ತಿರ ಅಂತ ಈಗಲೇ ಬರೆದಿಡಿ. ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನಕ್ಕಿಂತ ಹೆಚ್ಚು ಹಿಡಿದಿಡುವಂತಿಲ್ಲ, ಅದು ಕೊಟ್ಟ ಸಲಹೆಯನ್ನು ಲೋಕಸಭೆ ಒಪ್ಪಬೇಕೆಂದೂ ಇಲ್ಲ. ಬದಲಿಗೆ ರಾಜ್ಯಗಳ ಪಟ್ಟಿಯಲ್ಲಿರುವ ವಿಷಯದ ಮೇಲೆ ಸಂಸತ್ತು ಕಾನೂನು ಮಾಡಲು 249ನೇ ವಿಧಿಯಡಿ ಒಪ್ಪಿಗೆ ಕೊಡುವ ಅಧಿಕಾರ ರಾಜ್ಯಸಭೆಗೆ ಮಾತ್ರ. ನಿಮ್ಮ ಮನೆಯಲ್ಲೂ ಹೀಗೇ ಮಾಡಿ. ವಂತಿಗೆಯ ಲೆಕ್ಕ ತಲೆವಾರು ಸಮಿತಿಗೆ, ದೈವದ ಕಟ್ಟುಕಟ್ಟಳೆ ಕವರುವಾರು ಸಮಿತಿಗೆ.

6. ಕವರಿನ ಸೀಟಿನಲ್ಲಿ ಯಾರು ಕೂರಬಹುದು? 2003ರ ತಿದ್ದುಪಡಿಯ ನಂತರ ರಾಜ್ಯಸಭೆಗೆ ನಿಲ್ಲುವವರು ಅದೇ ರಾಜ್ಯದ ಮತದಾರರಾಗಿರಬೇಕಿಲ್ಲ, ದೇಶದ ಯಾವ ಕ್ಷೇತ್ರದ ಮತದಾರರಾದರೂ ಆಯಿತು. ಅಂದರೆ ಐದು ಜನರ ಕವರಿನ ಸೀಟಿನಲ್ಲಿ 52 ಜನರ ಕವರಿನವರು ಬಂದು ಕೂರಬಹುದು! ಹಾಗಾಗಿ ‘ಆಯಾ ಕವರಿನವರೇ’ ಅಂತ ಹಾಳೆಯ ಕೊನೆಗೆ ಬರೆದು, ಎಲ್ಲರ ಸಹಿ ಹಾಕಿಸಿ.