ಪರ್ಮ್ಯಾಂಗನೇಟ್ ಎಲ್ಲಿಗೆ ನಿಲ್ಲಬೇಕು?

ನ್ಯೂಜೆರ್ಸಿಯಲ್ಲಿ ಒಂದು ಹಳೆಯ ಡ್ರೈ ಕ್ಲೀನಿಂಗ್ ಅಂಗಡಿ. ಬಟ್ಟೆಯ ಕೊಳೆ ತೆಗೆಯಲು ಬಳಸುವ ಪರ್ಕ್ ಎಂಬ ದ್ರಾವಕ ವರ್ಷಗಟ್ಟಲೆ ಸೋರಿ ಅಂತರ್ಜಲ ಸೇರಿತ್ತು. ನೀರು ಸರಿಪಡಿಸುವ ಕೆಲಸ ನಮ್ಮ ತಂಡಕ್ಕೆ ಬಂತು. ಜಾಗದ ಮಾಲೀಕರಿಗೆ ಅವಸರ. ‘ಎಲ್ಲಾ ಕಡೆ ಪರ್ಮ್ಯಾಂಗನೇಟ್ ಹಾಕಿ ಮುಗಿಸಿಬಿಡಿ’ ಅಂದರು. ನಮ್ಮೂರ ಕಡೆ ಬಾವಿಗೆ ಹಾಕುತ್ತಿದ್ದ ಅದೇ ನೇರಳೆ ಪುಡಿ. ಪರ್ಕ್ ಸಿಕ್ಕಿದರೆ ಒಡೆದುಹಾಕುತ್ತದೆ, ಅದೇನೋ ನಿಜ.

ನಾನು ಒಪ್ಪದಿದ್ದುದಕ್ಕೆ ಕಾರಣ ಲ್ಯಾಬ್ ರಿಪೋರ್ಟ್. ನೀರು ಹರಿದುಹೋಗುವ ದಿಕ್ಕಿನ ಬಾವಿಗಳಲ್ಲಿ ಪರ್ಕ್ ಕಡಿಮೆ, ಸಿಸ್-ಡಿಸಿಇ ಎಂಬ ಇನ್ನೊಂದು ಕ್ಲೋರಿನ್ ರಾಸಾಯನಿಕ ಜಾಸ್ತಿ, ಜೊತೆಗೆ ಸ್ವಲ್ಪ ಎಥೀನ್ ಅನಿಲ. ಡಿಸಿಇಯನ್ನು ಅಂಗಡಿಯವರು ಸುರಿದಿರಲಿಲ್ಲ ಅಲ್ವಾ? ಮಣ್ಣಿನ ಬ್ಯಾಕ್ಟೀರಿಯಾಗಳು ಪರ್ಕಿನ ನಾಲ್ಕು ಕ್ಲೋರಿನ್‌ಗಳನ್ನು ಒಂದೊಂದಾಗಿ ಕಿತ್ತುಹಾಕುತ್ತಿದ್ದವು. ಪರ್ಕ್ ಟಿಸಿಇ ಆಗುತ್ತದೆ, ಆಮೇಲೆ ಡಿಸಿಇ, ವಿನೈಲ್ ಕ್ಲೋರೈಡ್, ಕೊನೆಗೆ ಕ್ಲೋರಿನ್ನೇ ಇಲ್ಲದ ಎಥೀನ್. ವಿನೈಲ್ ಕ್ಲೋರೈಡ್ ಪರ್ಕಿಗಿಂತ ಕೆಟ್ಟದ್ದು. ಅಮೆರಿಕದಲ್ಲಿ ಕುಡಿಯುವ ನೀರಿಗೆ ಅದರ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ, ಪರ್ಕಿಗೆ 5. ವಿನೈಲ್ ಕ್ಲೋರೈಡನ್ನು ಎಥೀನ್ ಮಾಡುವುದು ಹೆಚ್ಚಾಗಿ ಡಿಹ್ಯಾಲೋಕೊಕಾಯಿಡಿಸ್ ಎಂಬ ಜೀವಿ. ಅದಕ್ಕೆ ಆಮ್ಲಜನಕವೇ ವಿಷ. ಪರ್ಮ್ಯಾಂಗನೇಟ್ ತಗುಲಿದರಂತೂ ಮುಗಿಯಿತು.

ಹಾಗಾಗಿ ಪುಡಿ ಕಲಸಿದ ನೀರನ್ನು ಅಂಗಡಿಯ ಹಿಂದೆ, ಪರ್ಕ್ ದಟ್ಟವಾಗಿದ್ದ ಜಾಗಕ್ಕೆ ಮಾತ್ರ ಇಳಿಸಿದೆವು. ಅದು ತಿಂಗಳುಗಟ್ಟಲೆ ಉಳಿದು ನೀರಿನ ಜೊತೆ ಜಾರುತ್ತದೆ. ಅದಕ್ಕೇ ಆ ಜಾಗದಲ್ಲೂ ನೀರು ಹರಿಯುವ ಕಡೆಯ ಕೊನೆಯ ಸಾಲಿಗೆ ಕಡಿಮೆ ಹಾಕಿ, ಮುಂದೆ ಒಂದು ಕಾವಲು ಬಾವಿ ಇಟ್ಟುಕೊಂಡೆವು. ಅಂಗಡಿಯ ಹಿಂದಿನ ಬಾವಿಗೆ ಬೇಲರ್ (ನೀರಿನ ಮಾದರಿ ಎತ್ತುವ ಕೊಳವೆ) ಇಳಿಸಿ ಎತ್ತಿದರೆ ದ್ರಾಕ್ಷಿ ರಸದ ಬಣ್ಣ. ಕಾವಲು ಬಾವಿಯ ನೀರು ತಿಳಿಯಾಗಿಯೇ ಇತ್ತು, ಮೊಟ್ಟೆ ಕೊಳೆತ ವಾಸನೆ. ಆ ವಾಸನೆ ಬಂದರೆ ನನಗೆ ಖುಷಿ! ಒಳಗೆ ಆಮ್ಲಜನಕ ಇಲ್ಲ ಅಂತ ಲೆಕ್ಕ.

ನೇರಳೆ ಬಣ್ಣ ಹೋದ ಕೂಡಲೇ ಬ್ಯಾಕ್ಟೀರಿಯಾ ಕೆಲಸಕ್ಕೆ ಇಳಿಯುವುದಿಲ್ಲ. ಪರ್ಮ್ಯಾಂಗನೇಟ್ ಬಿಟ್ಟುಹೋದ, ಮಣ್ಣಿಗೆ ಅಂಟಿದ ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಖರ್ಚಾಗಬೇಕು. ಬೇರೆ ಸೂಕ್ಷ್ಮಜೀವಿಗಳು ಮೊದಲು ಅದನ್ನೇ ಬಳಸಿ ಉಸಿರಾಡುತ್ತವೆ, ಕ್ಲೋರಿನ್ ಕೀಳುವ ಸರದಿ ಆಮೇಲೆ. ಇದನ್ನು ಬೇಗ ಮುಗಿಸಲು ನೀರಲ್ಲಿ ಬೆರೆಯುವಂತೆ ಮಾಡಿದ ಸೋಯಾ ಎಣ್ಣೆ ಇಳಿಸಿದೆವು. ಎಣ್ಣೆ ಹುಳಿತು ಹೈಡ್ರೋಜನ್ ಕೊಡುತ್ತದೆ, ಡಿಹ್ಯಾಲೋಕೊಕಾಯಿಡಿಸ್‌ಗೆ ಬೇಕಾದದ್ದು ಅದೇ. ಆದರೆ ನೀರೂ ಹುಳಿಯಾಗುತ್ತದೆ. ಪಿಎಚ್ 6ಕ್ಕಿಂತ ಇಳಿದರೆ ಕೆಲಸ ಕುಂಟುತ್ತದೆ, ಅದಕ್ಕೆ ಅಡುಗೆ ಸೋಡಾ ಸೇರಿಸಿದೆವು. ಕಬ್ಬಿಣ, ಆರ್ಸೆನಿಕ್ ಕರಗಿ ಬರುತ್ತಿದೆಯೇ ಅಂತಲೂ ನೋಡುತ್ತಿರಬೇಕು.

ಅಂಗಡಿಯ ಹಿಂದೆ ಜೀವಿಗಳು ಅಳಿದಿದ್ದರಿಂದ ಅದೇ ಜೀವಿಗಳನ್ನು ಬೆಳೆಸಿದ ಕಲ್ಚರ್ ತರಿಸಿದೆವು. ಗಾಳಿ ಸೋಕದಂತೆ ಸ್ಟೀಲ್ ಡಬ್ಬಿಯಲ್ಲಿ ಬರುತ್ತದೆ. ನಲ್ಲಿ ನೀರಲ್ಲಿ ಆಮ್ಲಜನಕವೂ ಕ್ಲೋರಿನ್ನೂ ಇರುತ್ತವೆ, ಸುಮ್ನೆ ಅದರಲ್ಲಿ ಕಲಸಿ ಬಿಡುವ ಹಾಗಿಲ್ಲ.

ಮುಂದಿನ ರಿಪೋರ್ಟಿನಲ್ಲಿ ವಿನೈಲ್ ಕ್ಲೋರೈಡ್ ಏರಿತ್ತು. ಮಾಲೀಕರು ಗಾಬರಿಯಾಗಿ ಫೋನ್ ಮಾಡಿದರು. ಎಥೀನ್ ಕಾಲಂ ನೋಡಿ ಅಂದೆ. ಅದೂ ಏರಿತ್ತು.