ಅಡುಗೆಮನೆಯ ಲೈಟು, ಸ್ವಿಚ್ಚು: ನಾನು ಪ್ಲಾನ್ ಮಾಡಿದ್ದು ಹೀಗೆ

ಹಳೇ ಅಡುಗೆಮನೆ ಒಡೆದು ಹೊಸದು ಮಾಡಿಸುವಾಗ ಎಲೆಕ್ಟ್ರಿಷಿಯನ್ ಕೇಳಿದ ಮೊದಲ ಮಾತು, "ಅಕ್ಕಾ, ಎಷ್ಟು ಪಾಯಿಂಟ್ ಬೇಕು?" ಅವರ ಕೂಲಿ ಪಾಯಿಂಟ್ ಲೆಕ್ಕದಲ್ಲೇ ಇರುತ್ತದೆ, ಕೇಳಲೇಬೇಕು. ನಾನು ಉತ್ತರ ಹೇಳದೆ ಸೀಮೆಸುಣ್ಣ ತಗೊಂಡು ಗೋಡೆ ಮೇಲೆ ಬರೆದೆ. ಇಲ್ಲಿ ಸ್ಟವ್, ಇಲ್ಲಿ ಮಿಕ್ಸಿ, ಪಕ್ಕದಲ್ಲಿ ಗ್ರೈಂಡರ್, ಆ ಮೂಲೆಗೆ ಫ್ರಿಡ್ಜ್, ಸಿಂಕ್ ಹತ್ತಿರ ನೀರಿನ ಫಿಲ್ಟರ್. ಬರೆದು ಮುಗಿದ ಮೇಲೆ ಪಾಯಿಂಟ್ ಎಷ್ಟು ಅಂತ ಎಣಿಸುವುದು ಸುಲಭವಾಯಿತು.

ನಮ್ಮದು 8 ಅಡಿಗೆ 10 ಅಡಿ ಅಡುಗೆಮನೆ, ಎರಡು ಗೋಡೆಗೆ ಅಂಟಿಕೊಂಡ ಗ್ರಾನೈಟ್ ಕಟ್ಟೆ. ಮುಂಚೆ ಇದ್ದದ್ದು ನಮ್ಮ ಬೆನ್ನಿನ ಕಡೆ ಗೋಡೆಯಲ್ಲಿ ಒಂದು ಟ್ಯೂಬ್‌ಲೈಟ್. ಸಂಜೆ ತರಕಾರಿ ಹೆಚ್ಚಲು ನಿಂತರೆ ನಮ್ಮದೇ ನೆರಳು ಈಳಿಗೆಮಣೆ ಮೇಲೆ. ರೂಮಿನ ನಡುಮಧ್ಯೆ ಎಷ್ಟು ದೊಡ್ಡ ಲೈಟ್ ಹಾಕಿದರೂ ಇದೇ ಕಥೆ, ಯಾಕೆಂದರೆ ನಾವು ಅದಕ್ಕೆ ಬೆನ್ನು ಮಾಡಿಯೇ ಕೆಲಸ ಮಾಡುವುದು. ಬೆಳಕು ನಮ್ಮ ಮುಂದಿನಿಂದ ಬರಬೇಕು, ಇಲ್ಲಾ ನೇರ ಕಟ್ಟೆ ಮೇಲಿಂದ ಬೀಳಬೇಕು.

ಅದಕ್ಕೆ ಮೇಲಿನ ಕಬೋರ್ಡಿನ ಅಡಿಗೆ ಎಲ್‌ಇಡಿ ಸ್ಟ್ರಿಪ್ ಹಾಕಿಸಿದೆ. ಇಲ್ಲಿ ಸ್ವಲ್ಪ ಹಟ ಮಾಡಬೇಕಾಯಿತು. ಕೆಲಸದವರು ಸ್ಟ್ರಿಪ್ಪನ್ನು ಗೋಡೆ ಕಡೆಗೆ ಅಂಟಿಸಲು ಹೊರಟಿದ್ದರು, ಅಲ್ಲಿ ಕಣ್ಣಿಗೆ ಕಾಣುವುದಿಲ್ಲ, ಚೆಂದ ಅಂತ. ಆದರೆ ಹಾಗೆ ಮಾಡಿದರೆ ಟೈಲ್ಸ್ ಬೆಳಗುತ್ತದೆಯೇ ಹೊರತು ಹೆಚ್ಚುವ ಜಾಗ ಅಲ್ಲ. ಕಬೋರ್ಡಿನ ಮುಂಭಾಗಕ್ಕೆ ತಂದು, ಎದುರಿಗೆ ಒಂದಿಂಚು ಪಟ್ಟಿ ಇಳಿಸಿ ಮರೆ ಮಾಡಿಸಿದೆ. ಬರೀ ಸ್ಟ್ರಿಪ್ ಬೇಡ. ಪಾಲಿಷ್ ಮಾಡಿದ ಕಪ್ಪು ಗ್ರಾನೈಟಿನಲ್ಲಿ ಅದರ ಒಂದೊಂದು ಚುಕ್ಕೆಯೂ ಹೊಳೆದು ಕಣ್ಣು ಕುಕ್ಕುತ್ತದೆ. ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಿ ಮೇಲೆ ಹಾಲು ಬಣ್ಣದ ಮುಚ್ಚಳ ಹಾಕಿದರೆ ಬೆಳಕು ಹರಡಿಕೊಳ್ಳುತ್ತದೆ, ಒಗ್ಗರಣೆ ಜಿಡ್ಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಸ್ಟ್ರಿಪ್‌ಗೆ ಬೇಕಾದ ಕಡಿಮೆ ವೋಲ್ಟಿನ ಕರೆಂಟ್ ಕೊಡುವ ಡಬ್ಬಿ, ಅಂದರೆ ಡ್ರೈವರ್, ಕಬೋರ್ಡಿನ ಮೇಲೆ, ಕೈಗೆ ಸಿಗುವ ಹಾಗೆ. ಸ್ಟ್ರಿಪ್‌ಗಿಂತ ಮುಂಚೆ ಹಾಳಾಗುವುದು ಸಾಮಾನ್ಯವಾಗಿ ಅದೇ. ಸ್ಟ್ರಿಪ್ ಎಳೆಯುವ ವಾಟಿಗಿಂತ ಡ್ರೈವರ್ ವಾಟ್ ಜಾಸ್ತಿ ಇರಲಿ. ನಮ್ಮ 25 ವಾಟ್ ಸ್ಟ್ರಿಪ್‌ಗೆ 36 ವಾಟಿನದು ಹಾಕಿದ್ದೇವೆ.

ಬಣ್ಣದ ವಿಚಾರದಲ್ಲಿ ಅಂಗಡಿಯವರು 6500 ಕೆಲ್ವಿನ್ನಿನ ಬಿಳೀ ಲೈಟನ್ನೇ ಕೈಗೆ ಕೊಡುತ್ತಾರೆ. ನನಗೆ ಅದು ಆಸ್ಪತ್ರೆ ಬೆಳಕು. 3000ದ ಹಳದಿ ಬೆಳಕು ಹಾಲ್‌ಗೆ ಚೆಂದ, ಆದರೆ ಅದರಲ್ಲಿ ಕೊತ್ತಂಬರಿ ಸೊಪ್ಪಿನ ಬಾಡಿದ ಎಲೆ ಯಾವುದು ಅಂತ ಗೊತ್ತಾಗುವುದಿಲ್ಲ. 4000 ತಗೊಂಡೆ. ಡಬ್ಬದ ಮೇಲೆ ಸಿಆರ್‌ಐ (ಬೆಳಕಿನಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ನೂರರ ಅಳತೆ) 90 ಅಂತ ಇದ್ದರೆ ಇನ್ನೂ ಒಳ್ಳೆಯದು, ತರಕಾರಿಯ ಬಣ್ಣ ನಿಜವಾಗಿ ಕಾಣುತ್ತದೆ. ಇಡೀ ರೂಮಿಗೆ 20 ವಾಟಿನ ಒಂದು ಎಲ್‌ಇಡಿ ಟ್ಯೂಬ್ ಸಾಕಾಯಿತು. ಫಾಲ್ಸ್ ಸೀಲಿಂಗ್ ಬೇಡ ಅಂದೆ, ನಮ್ಮ ಅಡುಗೆಗೆ ಅದು ಜಿಡ್ಡು ಹಿಡಿಯುವ ಜಾಗ ಅಷ್ಟೇ.

ಇನ್ನು ಸಾಕೆಟ್. ಇಂಡಕ್ಷನ್ ಸ್ಟವ್ 2000 ವಾಟ್ ಅಂದರೆ 230 ವೋಲ್ಟಿಗೆ ಹೆಚ್ಚುಕಡಿಮೆ 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದರೆ ಪ್ಲಗ್ ಸುಟ್ಟು ಕಪ್ಪಾಗುವುದೇ. ಹಾಗಾಗಿ ಕಟ್ಟೆ ಮೇಲಿನ ಎಲ್ಲ ಬೋರ್ಡಿಗೂ ಸಣ್ಣ ಪಿನ್ನು, ದೊಡ್ಡ ಪಿನ್ನು ಎರಡೂ ಹಿಡಿಸುವ 16 ಆಂಪಿಯರ್ ಸಾಕೆಟ್. ಇಂಡಕ್ಷನ್, ಓವನ್ ಎರಡಕ್ಕೂ 4 ಚದರ ಮಿ.ಮೀ. ವೈರಿನ ಬೇರೆ ಬೇರೆ ಲೈನ್, ಲೈಟಿಗೆ 1.5. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಟ್ಟನೆ ಲೈನ್ ಕಡಿದುಹಾಕುವ ಸ್ವಿಚ್. ಒದ್ದೆ ಕೈಯಲ್ಲಿ ಓಡಾಡುವ ಜಾಗ, ಇದರಲ್ಲಿ ಮಾತ್ರ ಚೌಕಾಸಿ ಮಾಡಲಿಲ್ಲ.

ಬೋರ್ಡ್ ಕಟ್ಟೆಯಿಂದ 9 ಇಂಚು ಮೇಲೆ. ನೀರು ಚೆಲ್ಲಿದರೂ ತಾಗುವುದಿಲ್ಲ, ಮಿಕ್ಸಿ ಜಾರ್ ಅಡ್ಡ ಬರುವುದಿಲ್ಲ. ಸ್ಟವ್ ಹಿಂದೆ ಒಂದೂ ಇಲ್ಲ, ಉರಿ ದಾಟಿ ಕೈ ಚಾಚುವುದು ಯಾರಿಗೆ ಬೇಕು? ಸಿಂಕ್‌ನಿಂದಲೂ ಎರಡು ಅಡಿ ದೂರ. ಸಿಲಿಂಡರ್ ಇಡುವ ಕಬೋರ್ಡಿನೊಳಗೆ ಸ್ಟವ್ ಹೊತ್ತಿಸುವ ಪ್ಲಗ್‌ಗೆ ಒಂದು ಸಾಕೆಟ್ ಕೊಡುತ್ತೇನೆ ಅಂದರು, ಬೇಡವೇ ಬೇಡ ಅಂದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಅಲ್ಲಿ ಒಂದು ಕಿಡಿ ಸಾಕು.

ಸ್ವಿಚ್ ಜೋಡಿಸುವಾಗ ಅತ್ತೆ ಒಂದು ಮಾತು ಹೇಳಿದರು: "ಫ್ರಿಡ್ಜ್ ಸ್ವಿಚ್ಚನ್ನ ಲೈಟ್ ಪಕ್ಕ ಇಡಬೇಡಮ್ಮ." ಸರಿಯಾದ ಮಾತು. ಮನೆಗೆ ಬಂದವರು ಲೈಟ್ ಆರಿಸಲು ಹೋಗಿ ಫ್ರಿಡ್ಜ್ ಆರಿಸಿ ಹೋದರೆ ಬೆಳಿಗ್ಗೆ ಹಾಲು ಒಡೆದಾಗಲೇ ಗೊತ್ತಾಗುವುದು. ಫ್ರಿಡ್ಜಿಗೆ ಅದರ ಪಕ್ಕದಲ್ಲೇ ಬೇರೆ ಬೋರ್ಡ್ ಆಯಿತು. ಬಾಗಿಲ ಹತ್ತಿರ ಟ್ಯೂಬ್, ಸ್ಟ್ರಿಪ್, ಎಕ್ಸಾಸ್ಟ್ ಫ್ಯಾನ್ ಮೂರೇ, ಒಳಗೆ ಕಾಲಿಡುವ ಮೊದಲೇ ಕೈಗೆ ಸಿಗುವಂತೆ. ಚಿಮಣಿಯ ಸಾಕೆಟ್ ಮೇಲೆ, ಅದರ ಸ್ವಿಚ್ ಮಾತ್ರ ಕೆಳಗೆ. ಟ್ಯೂಬಿಗೆ ಹಿಂದಿನ ಬಾಗಿಲ ಬಳಿಯೂ ಟೂ-ವೇ ಸ್ವಿಚ್ ಕೊಟ್ಟಿದ್ದೇವೆ, ರಾತ್ರಿ ಪಾತ್ರೆ ತೊಳೆದು ಆ ಕಡೆಯಿಂದಲೇ ಆರಿಸಿ ಬರಬಹುದು. ಸ್ಟ್ರಿಪ್ ಯುಪಿಎಸ್ ಲೈನಿನಲ್ಲಿದೆ. ಕರೆಂಟ್ ಹೋದರೂ ಸಾರು ಕುದಿಯುವುದು ಕಾಣುತ್ತದೆ, ಬ್ಯಾಟರಿಗೂ ಭಾರವಿಲ್ಲ.

ಪ್ಲಾಸ್ಟರ್ ಮುಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟೆ. ಚಿಮಣಿ ಕೂರಿಸಲು ಬಂದವರು ಡ್ರಿಲ್ ತೆಗೆಯುವ ಮೊದಲೇ ಅವರ ಕೈಗೆ ಫೋನ್ ಕೊಟ್ಟೆ. ಅವರು ಗುರುತು ಹಾಕಿದ್ದ ತೂತು ಸರಿಯಾಗಿ ಗೋಡೆಯೊಳಗಿನ ವೈರ್ ಪೈಪಿನ ಮೇಲೇ ಇತ್ತು. ಮೂರು ಇಂಚು ಎಡಕ್ಕೆ ಸರಿಸಿಕೊಂಡರು.